ಇಪ್ಪತ್ತೆರಡು ಪ್ರಶ್ನೆ

ದೌಗಾವ ನದಿ ಹೆಪ್ಪುಗಟ್ಟಿದ ವಾರ
ಮುಚ್ಚಳ ಬಿಗಿಯುವ ಸಾಲಿನಿಂದ ನನ್ನನ್ನು ಎಬ್ಬಿಸಿ
ಫೋನಿನ ಮುಂದೆ ಕೂರಿಸಿದರು.
ಮೊಣಕಾಲು ಸೋತವರಿಗೆ ಕುರ್ಚಿ ಕೆಲಸ, ಅಂದರು.
ಹತ್ತೊಂಬತ್ತು ವರ್ಷ ಸೀಸೆಗಳ ನೆತ್ತಿ ತಟ್ಟಿ
ಸದ್ದು ಆಲಿಸಿದ ಕೈ
ಈಗ ಹಸಿರು ಗುಂಡಿ ಒತ್ತುತ್ತದೆ:
ನಮಸ್ಕಾರ, ನಾನು ವೆಲ್ಗಾ, ಕೇಳಿ.

ಗೋಡೆಯ ಮೇಲೊಂದು ಹಾಳೆ,
ಇಪ್ಪತ್ತೆರಡು ಪ್ರಶ್ನೆ, ಇಪ್ಪತ್ತೆರಡು ಉತ್ತರ,
ಮೇಲೆ ಪ್ಲಾಸ್ಟಿಕ್ ಹೊದಿಕೆ,
ಕಾಫಿ ಚೆಲ್ಲಿದರೆ ಒರೆಸಿಕೊಳ್ಳಲು.

ತೆರೆದದ್ದು ಎಷ್ಟು ದಿನ ಇರುತ್ತದೆ?
ಫ್ರಿಜ್ಜಿನಲ್ಲಿ ಎರಡು ದಿನ.
ಮೂರನೆಯ ದಿನ ಮೂಸಿ ನೋಡುತ್ತಾ ನಿಲ್ಲಬೇಡಿ, ಎಸೆಯಿರಿ.
ಸೀಸೆಯಿಂದಲೇ ತಿನ್ನಿಸಲೇ?
ಒಂದೇ ಸಲಕ್ಕೆ ಮುಗಿಯುವಂತಿದ್ದರೆ ಸರಿ.
ಇಲ್ಲವಾದರೆ ಬಟ್ಟಲಿಗೆ ಬಡಿಸಿಕೊಳ್ಳಿ;
ಚಮಚದ ಎಂಜಲು ಒಳಗಿಳಿದರೆ
ನಾಳೆಗೆ ಕ್ಯಾರೆಟ್ಟು ನೀರು ನೀರು.
ಮುಚ್ಚಳದ ನಡುವೆ ಉಬ್ಬಿದೆಯಲ್ಲ?
ತೆರೆಯಲೇಬೇಡಿ. ಮುಚ್ಚಳದ ಮೇಲಿನ ಸಂಖ್ಯೆ ಓದಿ ಹೇಳಿ.
ಓದುತ್ತಾರೆ. ಬರೆದುಕೊಳ್ಳುತ್ತೇನೆ.
ಆ ಸಂಖ್ಯೆಯ ದಿನ ಸಾಲಿನಲ್ಲಿ ನಾನೇ ಇದ್ದೆನೇನೋ
ಎಂದು ಮನಸ್ಸು ಲೆಕ್ಕ ಹಾಕುತ್ತದೆ.

ರೈನಿಸ್ ಎಂಬ ಹುಡುಗ, ಅಪ್ಪನಾಗಿ ಏಳು ತಿಂಗಳು,
ದಿನ ಬಿಟ್ಟು ದಿನ ಕರೆ ಮಾಡುತ್ತಾನೆ.
ಬಟಾಣಿಯನ್ನು ಮಗಳು ಉಗಿಯುತ್ತಾಳಂತೆ.
ಎಷ್ಟು ಸಲ ಕೊಟ್ಟು ನೋಡಬೇಕು?
ಹತ್ತು ಸಲ, ಎನ್ನುತ್ತದೆ ಹಾಳೆ.
ಹಳೆಯ ಅಂಗಿ ಹಾಕಿಕೋ ಮಗು, ಎನ್ನುತ್ತೇನೆ ನಾನು.

ಇನ್ನೊಬ್ಬಳು ಹೆಸರು ಹೇಳಲಿಲ್ಲ.
ಹಿಂದೆ ನಲ್ಲಿ ಸುರಿಯುವ ಸದ್ದು.
"ಹೋದ ವರ್ಷ ಬೇಯಿಸಿದ್ದನ್ನು ಈ ವರ್ಷದ ಕೂಸಿಗೆ ಹಾಕ್ತೀಯಾ
ಅಂತಾರೆ ನಮ್ಮತ್ತೆ. ಏನಂತ ಹೇಳಲಿ?"
ಹಾಳೆಯಲ್ಲಿ ಅತ್ತೆಯರಿಲ್ಲ.
ನನ್ನಜ್ಜಿ ರೈ ಬ್ರೆಡ್ಡು ಅಗಿದು
ಬಟ್ಟೆಯಲ್ಲಿ ಗಂಟು ಕಟ್ಟಿ
ನನ್ನ ಬಾಯಿಗೆ ತುರುಕುತ್ತಿದ್ದಳಂತೆ,
ಹಲ್ಲಿಲ್ಲದವಳು ಹಲ್ಲಿಲ್ಲದವಳಿಗೆ.
ಆ ಗಂಟಿನ ಮೇಲೆ ಯಾವ ದಿನಾಂಕವೂ ಇರಲಿಲ್ಲ ನೋಡಿ, ಅಂದೆ.
ನಲ್ಲಿ ನಿಂತಿತು. ನಕ್ಕಳೋ ಅತ್ತಳೋ,
ಫೋನಿನಲ್ಲಿ ಎರಡೂ ಮೂಗಿನಿಂದಲೇ ಬರುತ್ತವೆ.

ರಾತ್ರಿ ಒಂಬತ್ತಕ್ಕೆ, ಪಾಳಿ ಮುಗಿಯಲು ಗಳಿಗೆ ಇರುವಾಗ,
ಗಂಡು ದನಿ, ನಿಧಾನ.
ಹೆಸರು ಡೊನಾಟ್ಸ್. ಮುಚ್ಚಳ ತಿರುಗುತ್ತಿಲ್ಲ, ಕೈ ನಡುಗುತ್ತದೆ.
ಯಾವ ತರಕಾರಿ? ಕುಂಬಳ.
ಮಗುವಿಗೆ ಎಷ್ಟು ತಿಂಗಳು?
ಅತ್ತ ಕಡೆ ಲೆಕ್ಕ ಹಾಕಿದಂತೆ ಮೌನ.
"ಎಂಬತ್ತೊಂದು ವರ್ಷ. ಒಟೀಲಿಯಾ.
ಅಗಿಯೋದು ಬೇಡ, ನುಣ್ಣಗಿರಲಿ ಅಂದರು ಡಾಕ್ಟರು.
ಉಪ್ಪು ಕೇಳ್ತಾಳೆ.
ಉಪ್ಪು ಹಾಕಬಾರದು ಅಂತ ಇದರ ಮೇಲೆ ಬರೆದಿದೆ."

ಹದಿನಾಲ್ಕನೆಯ ಉತ್ತರ:
ಒಂದು ವರ್ಷ ತುಂಬುವವರೆಗೆ ಉಪ್ಪು ಬೇಡವೇ ಬೇಡ.
ಅದನ್ನು ಓದಿದೆ. ಓದಿ,
ತುಂಬಿ ಎಂಬತ್ತು ವರ್ಷವಾಯಿತಲ್ಲ,
ಒಂದು ಚಿಟಿಕೆ ಹಾಕಿ, ಅಂದೆ.

ಮೊದಲು ಚಮಚದ ಹಿಡಿಕೆ ತನ್ನಿ.
ಮುಚ್ಚಳದ ಅಂಚಿನ ಕೆಳಗೆ ತೂರಿಸಿ.
ತಿರುಗಿಸಬೇಡಿ, ಮೀಟಿ.
ಗಾಳಿ ಒಳಗೆ ಹೋದರೆ ಅದೇ ಬಿಡುತ್ತದೆ.
ಉಸಿರು ಬಿಗಿಹಿಡಿದದ್ದು ಕೇಳಿಸಿತು. ಲೋಹ ಜಾರಿದ್ದು.
ಲಾಟ್ಗಾಲೆಯ ಹಳ್ಳಿ ಮಾತಿನಲ್ಲೊಂದು ಬೈಗುಳ.
ಮತ್ತೆ ಲೋಹ.

ಟಿಕ್.

ಹತ್ತೊಂಬತ್ತು ವರ್ಷ ನಾನು ಒಳಗೆ ಒತ್ತಿದ್ದೆ ಆ ಸದ್ದನ್ನು.
ಅದು ಹೊರಬರುವುದನ್ನು
ಯಾರ ಅಡುಗೆಮನೆಯಲ್ಲೂ ನಿಂತು ಕೇಳಿರಲಿಲ್ಲ.

"ಬಂತು" ಅಂದ. ಇಟ್ಟುಬಿಟ್ಟ,
ಥ್ಯಾಂಕ್ಸ್ ಕೂಡ ಹೇಳದೆ; ಅವಳಿಗೆ ಹಸಿವಾಗಿತ್ತೇನೋ.

ಹೊರಡುವ ಮುನ್ನ ಹಾಳೆಯ ಕೆಳಗೆ
ಇಪ್ಪತ್ತಮೂರು ಎಂದು ಬರೆಯಲು ಹೋದೆ.
ಪ್ಲಾಸ್ಟಿಕ್ಕಿನ ಮೇಲೆ ಪೆನ್ಸಿಲು ಹಿಡಿಯಲಿಲ್ಲ.