ಅಳಿಸಿದ್ದರ ಕೆಳಗೆ ಚುಕ್ಕಿ

ಹೊಡೆದುಹಾಕಿದ ಪದದ ಕೆಳಗೆ
ಮೂರೋ ನಾಲ್ಕೋ ಚುಕ್ಕಿ ಇಟ್ಟರೆ
‘ಇರಲಿ, ಇದ್ದ ಹಾಗೇ ಇರಲಿ’ ಎಂದರ್ಥ.
ಕರಡು ತಿದ್ದುವವರ ಲೋಕದಲ್ಲಿ
ಕ್ಷಮೆಗೆ ಇರುವುದು ಇದೊಂದೇ ಗುರುತು.
ಕಲಿಸಿದ್ದು ಫ್ರೌ ಜೈಫರ್ಟ್,
ಲೈಪ್‌ಜಿಗ್‌ನಲ್ಲಿ, ಮೂರನೇ ಮಹಡಿಯಲ್ಲಿ,
ಕಿಟಕಿ ಮುಚ್ಚಿದರೂ ಕಲ್ಲಿದ್ದಲ ಮಸಿ
ಹಾಳೆಯ ಮೇಲೆ ಬಂದು ಕೂರುತ್ತಿದ್ದ ಕಾಲ.
ಊದಿ, ಆಮೇಲೆ ಓದು ಎನ್ನುತ್ತಿದ್ದಳು.
ಎಷ್ಟೋ ಅರ್ಧವಿರಾಮಗಳು ಊದಿದರೆ ಹಾರಿಹೋಗುತ್ತಿದ್ದವು.

ಆಕೆ ಬಂದದ್ದು ಹದಿನೇಳಕ್ಕೆ, ಅಚ್ಚುಮೊಳೆ ಜೋಡಿಸಲು.
ಸೀಸದ ಅಕ್ಷರಗಳನ್ನು ತಿರುಗುಮುರುಗಾಗಿ ಓದಿ ಓದಿ
ಮನುಷ್ಯರನ್ನೂ ಹಾಗೇ ಓದುವ ಅಭ್ಯಾಸ.
ಕರಡು ಓದುವವಳಾದಳು, ಸಂಪಾದಕಿಯಾದಳು,
ನಲವತ್ತನಾಲ್ಕಕ್ಕೆ ಇಡೀ ಪ್ರಕಾಶನದ ಬೀಗದಕೈ
ಕೋಟಿನ ಜೇಬಿನಲ್ಲಿ, ಪೆಪ್ಪರ್‌ಮಿಂಟಿನ ಜೊತೆ.

ಬರೆಯುವವರಿಗೇನು ಬರವಿರಲಿಲ್ಲ.
ವಸಂತದ ಪುಸ್ತಕಮೇಳ ಹತ್ತಿರ ಬಂದರೆ
ಸಂತೆಗೆ ಮೂರು ಮೊಳ ನೇಯುವವರ ಸಾಲು.
ಇಲ್ಲದ್ದು ಕಾಗದ.
ವರ್ಷಕ್ಕಿಷ್ಟು ಟನ್ ಎಂದು ಬರ್ಲಿನ್ನಿನಿಂದ ಪಾಲು.
ಟ್ರ್ಯಾಕ್ಟರ್ ರಿಪೇರಿಯ ಕೈಪಿಡಿ ಇಪ್ಪತ್ತು ಸಾವಿರ ಎಂದು ಬರೆದು
ಹದಿನೆಂಟೇ ಅಚ್ಚು ಹಾಕಿಸಿ
ಉಳಿದ ಕಾಗದದಲ್ಲಿ
ಒಬ್ಬ ಸೂಲಗಿತ್ತಿಯ ತೆಳ್ಳನೆ ಕವನಸಂಕಲನ.

ಪರವಾನಗಿ ಕಚೇರಿಗೆ ಹೋಗುವ ಪ್ರತಿ ಹಸ್ತಪ್ರತಿಗೂ
ತಾನೇ ಒಂದು ಸಾಲು ಬರೆದು ಸೇರಿಸುತ್ತಿದ್ದಳು,
ಒರಟಾದ, ಎದ್ದು ಕಾಣುವ, ಕತ್ತರಿಸಲೆಂದೇ ಬರೆದದ್ದು.
ಅಧಿಕಾರಿ ಅದನ್ನು ಹೊಡೆದು,
ತೃಪ್ತಿಯಿಂದ ಮೊಹರು ಒತ್ತಿ, ಊಟಕ್ಕೆ ಹೋಗುತ್ತಿದ್ದ.
ಆಕೆಯ ಸ್ವಂತ ಬರಹ ಅಂತ ಇದ್ದದ್ದು ಅಷ್ಟೇ.

ಎಲ್ಲರನ್ನೂ ಉಳಿಸಿದಳು ಎನ್ನಲಾರೆ.
ಕೊನ್ರಾಟ್ ಪೀಚ್‌ನ ಕಾದಂಬರಿ
ಆರು ವರ್ಷ ಆಕೆಯ ಮೇಜಿನ ಡ್ರಾಯರಿನಲ್ಲಿತ್ತು.
‘ಇನ್ನೂ ಮಾಗಿಲ್ಲ’ ಎಂದಳು.
ಮಾಗದಿದ್ದದ್ದು ಕಾದಂಬರಿಯಲ್ಲ, ಇಬ್ಬರಿಗೂ ಗೊತ್ತಿತ್ತು.
ಅವನು ಟ್ರಾಮ್ ಓಡಿಸಲು ಹೋದ.
ಆಕೆ ದಿನಾ ಹತ್ತುತ್ತಿದ್ದ ಅದೇ ಟ್ರಾಮ್.
ಆಮೇಲೆ ಆಕೆ ಕೂರುತ್ತಿದ್ದದ್ದು ಹಿಂದಿನ ಡಬ್ಬಿಯಲ್ಲಿ,
ಬೆನ್ನು ಮುಂದೆ ಮಾಡಿ.

ಗೋಡೆ ಬಿತ್ತು.
ಕಾಗದ ಬಂತು, ಬೇಕಾದಷ್ಟು, ಹಾಲಿನ ಬಿಳುಪು.
ಓದುವವರು ಕಾರು ನೋಡಲು ಹೋಗಿದ್ದರು.
ಗೋದಾಮಿನ ಪುಸ್ತಕಗಳನ್ನು ಲಾರಿಗೆ ತುಂಬಿ
ಕಲ್ಲಿದ್ದಲು ತೆಗೆದ ಹಳೇ ಗುಂಡಿಗೆ ಸುರಿದರು.
ಆಕೆ ಗೇಟಿನಲ್ಲಿ ನಿಂತು ಲಾರಿ ಎಣಿಸಿದಳು.
ಹದಿನೇಳು. ಬೇರೇನೂ ಹೇಳಲಿಲ್ಲ.

ಸ್ಟುಟ್‌ಗಾರ್ಟಿನ ಹೊಸ ಮಾಲೀಕರು ಆಕೆಯನ್ನು ಇಟ್ಟುಕೊಂಡರು;
ಉಳಿದವರನ್ನು ಕಳಿಸಲು ಒಬ್ಬರು ಬೇಕಲ್ಲ.
ಐವತ್ತೆರಡು ಕಾಗದ, ಐವತ್ತೆರಡು ಸಹಿ.
ನನ್ನದರಲ್ಲಿ,
ಎಕ್ಕೆಹಾರ್ಡ್ ಎಂಬ ಹೆಸರಿನ ತುದಿಯಲ್ಲಿ
‘ಡ’ ಇರಬೇಕಾದ ಕಡೆ ‘ಟ’!
ಹೊಡೆದೆ, ಅಂಚಿನಲ್ಲಿ ಸರಿ ಅಕ್ಷರ ಬರೆದೆ,
ಕೆಂಪು ಪೆನ್ಸಿಲಿನಲ್ಲಿ, ವಾಪಸು ಕಳಿಸಿದೆ.
ಅಭ್ಯಾಸಬಲ. ಸ್ವಲ್ಪ ಸೇಡೂ.

ಮೂರನೇ ದಿನ ಅದೇ ಕಾಗದ ಬಂತು.
ನಾನು ಹೊಡೆದ ‘ಟ’ದ ಕೆಳಗೆ
ಹಸಿರು ಮಸಿಯಲ್ಲಿ ನಾಲ್ಕು ಚುಕ್ಕಿ.

ಸಂಘದ ವಕೀಲರಿಗೆ ತೋರಿಸಿದೆ. ಅವರು ನಕ್ಕರು.
ಕ್ಯಾಂಟೀನಿನ ಗೀಜೆಲಾಳ ಕಾಗದದಲ್ಲಿ ತಾರೀಕು ತಪ್ಪು,
ಬೈಂಡರ್ ಲೋಟಾರ್‌ನದರಲ್ಲಿ ಹುಟ್ಟಿದ ಊರು,
ಐವತ್ತೆರಡರಲ್ಲೂ ಒಂದೊಂದು,
ಒಂದೇ ಒಂದು.
ನೋಟೀಸೆಲ್ಲ ಹೊಸದಾಗಿ ಕೊಡಬೇಕಾಯಿತು;
ಅಷ್ಟರಲ್ಲಿ ನಾಲ್ಕು ತಿಂಗಳ ಸಂಬಳ ಬಂತು, ಚಳಿಗಾಲ ಕಳೆಯಿತು.
ಎರಡನೇ ಸಲ ಯಾವುದರಲ್ಲೂ ತಪ್ಪಿರಲಿಲ್ಲ.

ಆ ವರ್ಷ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು,
ಅಕ್ಷರ ಕಾಣುತ್ತಲೇ ಇರಲಿಲ್ಲ ಎಂದು
ಮಣ್ಣಿನ ದಿನ ತಂಗಿ ಹೇಳಿದಳು.
ಇದ್ದೀತು.
ಮನೆಗೆ ಬಂದು ಕಾಗದ ತೆಗೆದು ದೀಪಕ್ಕೆ ಹಿಡಿದೆ.
ಚುಕ್ಕಿ ನಾಲ್ಕೂ
ನೇರ ಆ ಅಕ್ಷರದ ಕೆಳಗೇ ಇವೆ,
ಒಂದು ಕೂದಲೆಳೆ ಆಚೀಚೆ ಇಲ್ಲ.