ಬ್ರೇಕಿಲ್ಲದ ಸೇಬು

ಮೂವತ್ತನಾಕು ವರ್ಷ ಹುಬ್ಬಳ್ಳಿ ವರ್ಕ್‌ಶಾಪಿನಾಗ
ಬೋಗಿಗೆ ಬ್ರೇಕ್ ಕೂಡಿಸಿದಾವ ನಾನು.
ಉಗುರಿನಾಗಿನ ಗ್ರೀಸು
ಪೆನ್ಶನ್ ಬಂದ ಮ್ಯಾಲೂ ಹೋಗಿಲ್ಲ.

ಗದಗ ರೋಡಿನ ಮನಿ ಹಿತ್ತಲದಾಗ
ಒಂದು ಸೇಬಿನ ಗಿಡ ಹಚ್ಚಿದೆ.
ಬಿಸಿಲೂರಿಗೂ ಬರತೈತಿ ಅಂತ
ನರ್ಸರಿಯಾವ ಆಣಿ ಮಾಡಿದ್ದ.
ಓಣಿ ಮಂದಿ ನಕ್ಕರು:
"ಸಾಂಬ್ರಾಣಿಯವರ, ಬರೂ ವರ್ಷ ಹಿಮಾನೂ ಹಚ್ರಿ."

ನಾಕನೇ ವರ್ಷಕ್ಕ ಹನ್ನೊಂದು ಕಾಯಿ.
ದಿನಾ ಮುಂಜಾನೆ ಎಣಿಸಿದೆ, ಬೋಲ್ಟ್ ಎಣಿಸಿದಂಗ.
ಜೂನಿನಾಗ ಕೆಂಪು ಏರಿತು.
ಶುಕ್ರವಾರ ಕಿತ್ತೆ,
ಸೋಮವಾರ ಒತ್ತಿದರ ಹೆಬ್ಬಟ್ಟು ಒಳಗ.
ವಾಸನಿ ಮಾತ್ರ ಮೂರು ಮನಿ ದಾಟಿ ಹೋಗಿತ್ತು.
ಅಮರಗೋಳದ ಕೋಲ್ಡ್ ಸ್ಟೋರೇಜಿನ ಸೇಬು
ದೀಪಾವಳಿಗೆ ಹೊಕ್ಕದ್ದು ಯುಗಾದಿಗೆ ಹೊರಗ ಬಂದರೂ
ಹಲ್ಲಿಗೆ ಕರ್ ಅಂತಾವ.
ನನ್ನ ಸೇಬಿಗೆ ಏನು ಅವಸರ?

ಜೋಡಿ ಕೆಲಸ ಮಾಡಿದ ಮಕ್ತುಂಸಾಬನ ಮಗಳು ನಸೀಮಾ
ಧಾರವಾಡದ ಕೃಷಿ ಕಾಲೇಜಿನಿಂದ
ಚಿಗರಿ ಬಸ್ ಹತ್ತಿ ಬಂದಳು.
ಎರಡು ಎಲಿ ಹರದು ಬರ್ಫಿನ ಡಬ್ಬಿಗೆ ಹಾಕಿದಳು.
"ಹಣ್ಣು ಬ್ಯಾಡೇನವಾ?"
"ಬ್ಯಾಡ್ರಿ ಕಾಕಾ. ಸಸಿ ಗೇಣುದ್ದ ಇದ್ದಾಗನ
ಹಣ್ಣಿನ ಹಣೆಬರಾ ಎಲಿಯಾಗ ಇರತೈತಿ."

ಹದಿನೈದು ದಿನಕ್ಕ ಫೋನಿನಾಗ ಒಂದು ಫೋಟೋ:
ಕರೇ ಹಾಳಿ, ಬೆಳ್ಳನ ಗೀಟು.
"ಸಣ್ಣ ತುಂಡು ದೂರ ಓಡತಾವ, ದೊಡ್ಡವು ಹಿಂದ ಉಳಿತಾವ."
ತಿಳೀತು. ಖಾಲಿ ಇಂಜಿನ್ನು, ಗೂಡ್ಸ್ ಗಾಡಿ.
"ಬಾಳಿಕಿ ಬರೂ ಸೇಬಿನಾಗ
ಜೀನಿನ ಬಾಯಿಗೆ ಯಾವ ಕಾಲದಾಗೋ
ಒಂದು ಪರದೇಶಿ ತುಂಡು ಬಂದು ಸಿಕ್ಕೊಂಡೈತಿ.
ಅದಕ್ಕ ಹಣ್ಣು ಮಾಡೂ ಗಾಳಿ ಸಣ್ಣಗ ಹೊಂಡತೈತಿ.
ನಿಮ್ಮ ಗಿಡಕ್ಕ ಆ ತುಂಡು
ಅಪ್ಪನ ಕಡಿಂದನೂ ಬಂದಿಲ್ಲ, ಅವ್ವನ ಕಡಿಂದನೂ ಬಂದಿಲ್ಲ."
"ಅಂದ್ರ ಬ್ರೇಕಿಲ್ಲ."
"ಹೌದ್ರಿ ಕಾಕಾ. ಎರಡೂ ಕಡೆ ಇಲ್ಲ."

ರಾತ್ರಿ ನಿದ್ದಿ ಬರಲಿಲ್ಲ.
ಬ್ರೇಕ್ ಅಂದ್ರ ಅಳತಿ ಹಿಡದು, ತಿಕ್ಕಿ,
ಸಾಹೇಬರ ಸಹಿ ಬಿದ್ದ ಮ್ಯಾಲ ಕೂಡಿಸೂದು
ಅಂತ ತಿಳದಿದ್ದೆ.
ನಮ್ಮಲ್ಲೆ ವಾಲ್ವಿನಾಗ ಹಂಗ ತುಂಡು ಸಿಕ್ಕೊಂಡಿದ್ರ
ಚಾರ್ಜ್‌ಶೀಟು.
ಸೇಬಿಗೆ ಅದ ತಪ್ಪು
ಆರು ತಿಂಗಳ ಆಯುಷ್ಯ.

ಇಂದ್ರವ್ವ ಫೋಟೋ ನೋಡಲಿಲ್ಲ.
ಕಲಘಟಗಿಯಿಂದ ತಂದ ಆಪೂಸು
ಕಲ್ಲಿನಂಗ ಹುಲ್ಲಿನಾಗ ಬಿದ್ದಿದ್ದವು.
ನಡುವ ಎರಡು ಮೆತ್ತನ ಸೇಬು ಇಟ್ಟಳು,
ಗೋಣಿ ಮುಚ್ಚಿದಳು.
ಮೂರನೇ ದಿನ ಗೋಣಿ ತಗದರ
ಮನಿ ತುಂಬ ಹಳದಿ.
"ತಾನು ಕೆಟ್ಟರೂ ಮಂದೀನ ಹಣ್ಣು ಮಾಡೇತಿ,
ಇದಕ್ಯಾಕ ಬ್ರೇಕು?" ಅಂದು
ವಾಟಿ ಚೀಪಿಕೋತ ಕುಂತಳು.

ನಸೀಮಾ ಎರಡೂ ಬ್ರೇಕ್ ಇದ್ದ ಕಡ್ಡಿ ತಂದುಕೊಟ್ಟಾಳ.
ಬಡಗಣ ಟೊಂಗಿಗೆ ಕಸಿ ಕಟ್ಟಿ
ಹಳದಿ ಚೀಟಿ ಜೋತು ಬಿಟ್ಟೀನಿ.
ಚಿಗತೈತಿ. ಹೂವಿನ್ನೂ ಇಲ್ಲ.
ತೆಂಕಣ ಟೊಂಗಿಯೊಳಗ ಈ ಸಲ ಮೂವತ್ತು ಕಾಯಿ.
ಓಣಿ ಹುಡುಗರಿಗೆ ಹೇಳಿಟ್ಟೀನಿ:
ಕಿತ್ತ ದಿನಾನ ಬರ್ರಿ.
ನಾಳೆ ಅಂದ್ರ
ಗಾಡಿ ಹೋತು.