ಪಾಠಾಂತರ

ಅಪ್ಪನ ಕೈಗೆ ಯಾವಾಗಲೂ ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ.
ಮೈಸೂರಿನ ಓಲೆಗರಿ ಕೋಣೆಯಲ್ಲಿ ಮೂವತ್ತೊಂದು ವರ್ಷ
ಒಂದೇ ಕಾವ್ಯದ ಏಳು ಪ್ರತಿ ಹಾಸಿಕೊಂಡು ಕೂತವರು.
ಗರಿಗೆ ಎಣ್ಣೆ ಸವರಿ, ಮಸಿ ತೀಡಿ, ಬಟ್ಟೆಯಲ್ಲಿ ಒರೆಸಿದರೆ
ಸತ್ತ ಅಕ್ಷರ ಎದ್ದು ಕೂರುತ್ತಿತ್ತು.

"ನಿದ್ದೆಗಣ್ಣಿನ ಲಿಪಿಕಾರ ಪ ಇದ್ದಲ್ಲಿ ವ ಬರೆದ.
ಅವನದ್ದು ನೋಡಿ ಬರೆದವನೂ ವ, ಅವನ ಶಿಷ್ಯನೂ ವ.
ಸರಿ ಇದ್ದದ್ದು ಯಾರಲ್ಲಾದರೂ ಇರುತ್ತೆ ಮಗು,
ಒಂದೇ ತಪ್ಪು ಇಬ್ಬರಲ್ಲಿದ್ದರೆ
ಅವರಿಬ್ಬರ ತಾಯಿ ಒಬ್ಬಳೇ."

ನಾನು ಓದುವುದು ನಾಲ್ಕೇ ಅಕ್ಷರ: ಎ, ಸಿ, ಜಿ, ಟಿ.
ಒತ್ತಿಲ್ಲ, ದೀರ್ಘವಿಲ್ಲ, ಉಸಿರಾಡಲು ಒಂದು ಅಲ್ಪವಿರಾಮವೂ ಇಲ್ಲ.
ಆಸ್ಪತ್ರೆಯ ಹಿಂದಿನ ಕಟ್ಟಡ, ಎರಡನೇ ಮಹಡಿ;
ಯಂತ್ರ ರಾತ್ರಿಯಿಡೀ ಗುನುಗುತ್ತದೆ,
ಕರೆಂಟು ಮಿಣುಕಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.
ಈ ವೈರಸ್ಸಿನಷ್ಟು ಕೆಟ್ಟ ಲಿಪಿಕಾರನನ್ನು ಅಪ್ಪ ಕಂಡಿರಲಾರರು:
ಬರೆದದ್ದನ್ನು ತಿರುಗಿ ಓದುವ ಅಭ್ಯಾಸವೇ ಇಲ್ಲ.
ಹೆಚ್ಚಿನ ತಪ್ಪು ಅದನ್ನೇ ಕೊಲ್ಲುತ್ತವೆ.
ಒಂದೊಂದು ಬದುಕಿಸುತ್ತದೆ.

ಆ ನಮೂನೆ ಬಂದದ್ದು ಮಂಡ್ಯದಿಂದ, ಐಸು ಅರ್ಧ ಕರಗಿ.
ಸಂಖ್ಯೆ ೨೧೭. ಹೆಣ್ಣು. ಮೂವತ್ತಾರು. ಆಲೆಮನೆ ಕೂಲಿ.
ಷರಾ: ಮಾತ್ರೆ ತಪ್ಪಿಸಿರುವ ಅನುಮಾನ.

(ಮಾತ್ರೆ ತಪ್ಪಿದೆ ಅಂತ ಅಪ್ಪ ಅಂದರೆ
ನಮ್ಮ ಮನೆಯಲ್ಲಿ ಅದು ಛಂದಸ್ಸು.
ಯಾರೂ ಸಾಯುತ್ತಿರಲಿಲ್ಲ.)

ಆಪ್ತಸಮಾಲೋಚಕ ಮರಿಸ್ವಾಮಿ ಫೋನಿನಲ್ಲಿ ನಕ್ಕರು:
"ಎಲ್ಲರ ಬಾಯಲ್ಲೂ ಅದೇ ಮೇಡಂ.
'ಒಂದ್ ದಿನ್ವೂ ತಪ್ಸಿಲ್ಲ ಕಣಣ್ಣ,
ಕೊಪ್ಪರಿಗೆ ಒಲೆ ಮ್ಯಾಲಿದ್ರೂ ಒಂಬತ್ತಕ್ಕೆ ಎದ್ದೋಗಿ ನುಂಗ್ತೀನಿ.
ಕೆಟ್ ಕನಸ್ ಬತ್ತವೆ, ಆದ್ರೂ ನುಂಗ್ತೀನಿ.'"

ನೂರಮೂರನೆಯ ಜಾಗ.
ಎ ಎ ಎ ಇರಬೇಕಾದಲ್ಲಿ
ಎ ಎ ಸಿ.
ಅಷ್ಟೇ. ಬೀಗ ಬದಲಾದ ಮನೆಗೆ
ಮಾತ್ರೆ ಈಗ ಹಳೆಯ ಕೀಲಿ.

ಷರಾ ಗೆದ್ದಿತು ಅಂದುಕೊಂಡು ಫೈಲು ಮುಚ್ಚುವವಳಿದ್ದೆ.
ಅಪ್ಪ ಇದ್ದಿದ್ದರೆ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದರು,
ಹಳೆಯ ಪ್ರತಿ ನೋಡಿದೆಯಾ?

ಮೈನಸ್ ಎಂಬತ್ತರ ಪೆಟ್ಟಿಗೆ, ಕೆಳಗಿನ ಅರೆ,
ಉಗುರಿನಿಂದ ಮಂಜು ಕೆರೆದು ಸಂಖ್ಯೆ ಓದಿದೆ.
ಮೊಟ್ಟಮೊದಲ ಮಾತ್ರೆಗೆ ನಾಲ್ಕು ದಿನ ಮುಂಚಿನ ಅವಳ ರಕ್ತ.
ಮೂರು ದಿನ ಹಿಡಿಯಿತು, ನಡುವೆ ಒಂದು ಭಾನುವಾರ.

ಎ ಎ ಸಿ.

ಆಗಲೇ. ಕೀಲಿ ಕೈಗೆ ಕೊಡುವ ಮುಂಚೆಯೇ.
ಪರದೆಯ ಮೇಲೆ ಮರ ಬಿಡಿಸಿದರೆ
ಅವಳ ಕೊಂಬೆಗೆ ಅಂಟಿಕೊಂಡು ಇನ್ನೂ ಮೂರು ಸಂಖ್ಯೆ,
ಅದೇ ಜಾಗದಲ್ಲಿ ಅದೇ ಸಿ.

ಹೆಂಗಸು ಸುಳ್ಳು ಹೇಳಿಲ್ಲ ಎಂದು ಬರೆಯಲು
ವರದಿಯಲ್ಲಿ ಕಾಲಮ್ಮಿಲ್ಲ.
ಪೆನ್ನು ತೆಗೆದು ಅಂಚಿನಲ್ಲಿ
ಅಪ್ಪನ ಅಡಿಟಿಪ್ಪಣಿಗಳ ಹಳೇ ಮಾತು ಬರೆದೆ:
ಮೂಲದಲ್ಲೇ ಹೀಗಿದೆ.

ಈ ಸಲ ಮರಿಸ್ವಾಮಿ ನಗಲಿಲ್ಲ.
"ಓದಿ ಹೇಳಿದೆ ಮೇಡಂ. ಸುಮಾರು ಹೊತ್ತು ಸುಮ್ಮನೆ ಕೂತಿದ್ದಳು.
'ಅಂಗಾರೆ ತಪ್ಪು ನಂದಲ್ಲ' ಅಂದಳು.
ಆಮೇಲೆ, 'ಇನ್ಯಾರ್ದು?'
ಇಲ್ಲೇ ಬೆಂಚಿನ ಮೇಲಿದ್ದಾಳೆ. ಏನು ಹೇಳಲಿ?"

ಮರ ನನ್ನ ಮುಂದೆಯೇ ಇತ್ತು.
ನಂಟು ಹೇಳುತ್ತದೆ ಅದು, ದಿಕ್ಕು ಹೇಳುವುದಿಲ್ಲ.
ನಡುವಿನ ಎಷ್ಟು ಗರಿ ಗೆದ್ದಲು ತಿಂದಿತೋ,
ಯಾವ ಪ್ರತಿ ಯಾರ ಮನೆಯ ಅಟ್ಟದಲ್ಲಿ ಉರಿದುಹೋಯಿತೋ.
ಗೊತ್ತಿದ್ದಿದ್ದರೂ ಹೇಳುತ್ತಿದ್ದೆನೆ? ಅದೂ ಗೊತ್ತಿಲ್ಲ.
ಲಿಪಿಕಾರರಾದರೂ ಕೊನೆಯ ಗರಿಯಲ್ಲಿ
ತಪ್ಪಿದ್ದರೆ ತಿದ್ದಿ ಓದಿ ಅಂತ ಬೇಡಿಕೊಳ್ಳುತ್ತಿದ್ದರು.

"ಬೇರೆ ಮಾತ್ರೆ ಬರೆಸುತ್ತಾರೆ ಅನ್ನಿ" ಎಂದೆ.
ಅವರು ಫೋನಿಡುವ ಮೊದಲು
ಮತ್ತೆ ಕರೆದೆ:
"ಇದಕ್ಕೆ ಆ ಕನಸು ಬರಲ್ಲವಂತೆ,
ಅದನ್ನೂ ಹೇಳಿ."